ಮೇಲಿನ ಷಡ್ಜ ನೀನು ನೋಡ್ಕೋ

ಪ್ರಶ್ನೆ: ಸರ್, ನನಗೆ 24 ವರ್ಷ. ಹತ್ತು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಮನೆಯಲ್ಲಿ ಚೆನ್ನಾಗಿಯೇ ಹಾಡುತ್ತೇನೆ. ಗಣೇಶೋತ್ಸವದಲ್ಲಿ ಒಂದೂವರೆ ಗಂಟೆಯ ಕಛೇರಿ ಸಿಕ್ಕಿತ್ತು. ಅರ್ಧ ಗಂಟೆಗೇ ಗಂಟಲು ಕಟ್ಟಿತು, ಕಾಲಪ್ರಮಾಣ ಓಡಿತು, ಚರಣದ ಒಂದು ಸಾಲೂ ಮರೆತುಹೋಯಿತು. ಎಂಬತ್ತು ದಾಟಿದ ವಿದ್ವಾಂಸರು ದನಿ ಸೋತಿದ್ದರೂ ಸಭೆಯನ್ನು ಹಿಡಿದು ಕೂರಿಸುತ್ತಾರಲ್ಲ, ಅದು ಹೇಗೆ?
(ಓದುಗರೊಬ್ಬರು, ತುಮಕೂರು)

ಉತ್ತರ: ನೋಡಮ್ಮ, ನಲವತ್ತು ವರ್ಷ ಇಂಥವರ ಪಕ್ಕದಲ್ಲಿ ಕೂತು ಪಿಟೀಲು ನುಡಿಸಿದವನು ನಾನು. ಸಭೆಗೆ ಅವರ ಮುಖ ಕಾಣುತ್ತದೆ. ಉಸಿರು ಎಲ್ಲಿ ಕದಿಯುತ್ತಾರೆ ಅನ್ನೋದು ನಮಗೆ ಕಾಣುತ್ತದೆ.

ಒಂದು ರಾಮನವಮಿ ಪೆಂಡಾಲಿನಲ್ಲಿ ಎಪ್ಪತ್ತೆಂಟರ ವಿದ್ವಾಂಸರಿಗೆ ನುಡಿಸುತ್ತಿದ್ದೆ. ಕಾಂಭೋಜಿ ರಾಗದ ಆಲಾಪನೆ. ತಾರಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ, ಹೋಗುತ್ತಿದ್ದಂತೆ ದನಿ ಒಡೆಯಿತು. ಅವರು ಕೆಮ್ಮಲಿಲ್ಲ, ಮೈಕಿನವನ ಕಡೆ ಗುರಾಯಿಸಲಿಲ್ಲ. ಮೆಲ್ಲಗೆ ಪಂಚಮಕ್ಕೆ ಇಳಿದು ಅಲ್ಲೇ ಕೂತುಬಿಟ್ಟರು. ಆಮೇಲೆ ನನ್ನ ಕಡೆ ಒಮ್ಮೆ ನೋಡಿದರು. ಮೇಲಿನ ಷಡ್ಜ ನೀನು ನೋಡ್ಕೋ ಅಂತ ಅರ್ಥ. ನನ್ನ ಸರದಿ ಬಂದಾಗ ನಾನು ಮೇಲೆ ಹೋಗಿ ಸ್ವಲ್ಪ ನಿಂತೆ. ಅವರು ಕಣ್ಣು ಮುಚ್ಚಿ ತಲೆದೂಗಿದರು, ಆ ನೆಪದಲ್ಲಿ ಸುಧಾರಿಸಿಕೊಂಡರು. ಕಛೇರಿ ಮುಗಿದ ಮೇಲೆ ಒಬ್ಬರು ಬಂದು, ‘ಇವತ್ತು ಕಾಂಭೋಜಿ ಎಷ್ಟು ಗಂಭೀರವಾಗಿತ್ತು!’ ಅಂದರು. ನಾವಿಬ್ಬರೂ ಕಾಫಿ ಲೋಟದೊಳಗೆ ಮುಖ ಹುದುಗಿಸಿಕೊಂಡೆವು.

ಅದೇ ಪುಣ್ಯಾತ್ಮರಿಗೆ ಇನ್ನೊಮ್ಮೆ ಚರಣದ ಮುಂದಿನ ಸಾಲು ಮರೆತಿತ್ತು. ಹಿಂದಿನ ಸಾಲಿನಲ್ಲೇ ನಿಂತು ನೆರವಲ್ ಶುರು ಮಾಡಿದರು, ಅಂದರೆ ಅದೇ ಸಾಲನ್ನು ಬೇರೆ ಬೇರೆ ಥರ ಹಾಡುತ್ತಾ ಬೆಳೆಸಿದರು. ಹಿಂದೆ ತಂಬೂರಿ ಹಿಡಿದಿದ್ದ ಶಿಷ್ಯ ಸಾಲು ಪಿಸುಗುಟ್ಟುವ ತನಕ ಬಿಡಲಿಲ್ಲ! ನಿಮ್ಮ ಹಿಂದೆ ಅಂಥವರು ಯಾರಾದರೂ ಇದ್ದರಾ? ಶ್ರುತಿಪೆಟ್ಟಿಗೆ ಸಾಲು ಹೇಳಿಕೊಡೋದಿಲ್ಲ.

ಆಸರೆ ತೆಗೆದುಕೊಳ್ಳಲು ಹಿರಿಯರಿಗೆ ನಾಚಿಕೆ ಇಲ್ಲ. ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ 2014ರಲ್ಲಿ ತೀರಿಕೊಂಡಾಗ ಅವರಿಗೆ 94. ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು, ಜೊತೆಗೆ ಮಗ ರಮಾಕಾಂತ್ ಹಾಡುತ್ತಿದ್ದರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಜೊತೆಗೆ ಮಗಳು ಕೃಷ್ಣಾ ಇದ್ದರು. ನಿಮ್ಮ ವಯಸ್ಸಿನವರು ಮಾತ್ರ ಎಲ್ಲವನ್ನೂ ಒಬ್ಬರೇ ಹೊರಲು ಹೋಗುತ್ತೀರಿ.

ನಿಮ್ಮ ಗಂಟಲು ಅರ್ಧ ಗಂಟೆಗೇ ಕಟ್ಟಿದ್ದು ಯಾಕೆ ಅಂತ ನನಗೆ ಅನುಮಾನ ಇದೆ. ಮೊದಲ ಹತ್ತು ನಿಮಿಷದಲ್ಲೇ ಗೊತ್ತಿರುವುದನ್ನೆಲ್ಲ ತೋರಿಸಿಬಿಟ್ಟಿರಬೇಕು, ಅಲ್ವಾ? ಹಿಂದಿನ ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ರೂಢಿಗೆ ತಂದ ಕಛೇರಿಯ ಕ್ರಮ ನೋಡಿ. ವರ್ಣ ಅನ್ನೋ ರಚನೆಯಿಂದ ಶುರು, ಆಮೇಲೆ ಒಂದೆರಡು ಚಿಕ್ಕ ಕೃತಿ. ದೊಡ್ಡ ರಾಗ ಬರುವ ಹೊತ್ತಿಗೆ ಗಂಟಲು ಕಾದಿರುತ್ತದೆ. ತನಿ ಆವರ್ತನ, ಅಂದರೆ ಮೃದಂಗದವರು ಒಬ್ಬರೇ ನುಡಿಸುವ ಭಾಗ, ಬಂದರೆ ನಿಮಗೆ ಹತ್ತು ನಿಮಿಷ ಬಿಡುವು. ಆಗ ತಾಳ ಹಾಕಿಕೊಂಡು ಮೃದಂಗ ಕೇಳಿ, ಮುಂದಿನ ದೇವರನಾಮದ ಚಿಂತೆ ಬೇಡ.

ಇನ್ನೊಂದು: ಅವತ್ತಿನ ಗಂಟಲಿಗೆ ತಕ್ಕ ಶ್ರುತಿ ಇಡಿ. ನೆಗಡಿ ಇದ್ದರೆ ಶ್ರುತಿಯನ್ನು ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಇಳಿಸಿ. ಯಾರೂ ಅಳೆಯಲು ಬರೋದಿಲ್ಲ.

ಹಾಗಂತ ಹಿರಿಯರದ್ದೆಲ್ಲ ಅನುಕರಿಸಬೇಡಿ. ಎರಡು ಕೃತಿಯ ನಡುವೆ ಕಾಲು ಗಂಟೆ ತಮ್ಮ ಕಥೆ ಹೇಳುವವರೂ ಇದ್ದಾರೆ. ಕಮಾನು ಹಿಡಿದು ಸುಮ್ನೆ ಕೂತು ನನ್ನ ಕಾಲು ಜೋಮು ಹಿಡಿದದ್ದು ಎಷ್ಟು ಸಲವೋ!

ಪ್ರಶ್ನೆ: ಮೈಕ್ ಇಲ್ಲದ ಕಾಲದಲ್ಲಿ ಪಿಟೀಲು ಸಭೆಯಲ್ಲಿ ಹಿಂದೆ ಕೂತವರಿಗೆ ಕೇಳುತ್ತಿತ್ತೇ?
(ಓದುಗರೊಬ್ಬರು, ಹಾಸನ)

ಉತ್ತರ: ಕಷ್ಟವಿತ್ತು. ಅದಕ್ಕೇ ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ನನ್ನದು ನಾಲ್ಕೇ ತಂತಿ, ಜೊತೆಗೆ ಮೈಕಿನವನ ದಯೆ.