ಸಕುರಾ ಮುಗಿದ ಮೇಲೆ ಕ್ಯೋಟೋದಲ್ಲಿ ಅಜೇಲಿಯಾ ಎಲ್ಲಿ ನೋಡಬೇಕು?

ಏಪ್ರಿಲ್ ಕೊನೆಗೆ ಅಪ್ಪ-ಅಮ್ಮನ್ನ ಕರೆದುಕೊಂಡು ಕ್ಯೋಟೋಗೆ ಹೋಗುತ್ತಿದ್ದೀರಿ, ಅಷ್ಟು ಹೊತ್ತಿಗೆ ಸಕುರಾ, ಅಂದರೆ ಚೆರ್ರಿ ಹೂವು, ಉದುರಿ ಹೋಗಿರುತ್ತೆ, ಪೊದೆಯಲ್ಲಿ ಅರಳುವ ಅಜೇಲಿಯಾ ಹೂವು ನೋಡಲು ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದೀರಿ. ಸಕುರಾ ತಪ್ಪಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ನಾನು ಒಸಾಕಾದಲ್ಲಿ ಕೆಲಸಕ್ಕಿದ್ದೇನೆ. ಊರಿಂದ ಯಾರೇ ಬರುತ್ತೇವೆ ಅಂದರೂ ಸಕುರಾ ಮುಗಿದ ಮೇಲೆಯೇ ಬನ್ನಿ ಅನ್ನುತ್ತೇನೆ. ಸಕುರಾ ತುಂಬಿ ಅರಳಿರುವುದು ಹೆಚ್ಚೆಂದರೆ ಒಂದು ವಾರ. ನಡುವೆ ಜೋರು ಮಳೆ ಬಂದರೆ ಅದೂ ಇಲ್ಲ. ಅಜೇಲಿಯಾ ಹಾಗಲ್ಲ, ಬೇರೆ ಬೇರೆ ಜಾತಿಗಳು ಒಂದಾದ ಮೇಲೊಂದು ಅರಳುತ್ತಾ ಜೂನ್ ಶುರುವಿನವರೆಗೂ ಬರುತ್ತವೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ಇಲ್ಲಿ ಎರಡು ಬಗೆ. ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ ಅರಳುವುದು ತ್ಸುತ್ಸುಜಿ. ಮೇ ಕೊನೆಯಲ್ಲಿ ಬರುವ, ಸಣ್ಣ ಎಲೆಯ, ಸಣ್ಣ ಹೂವಿನ ಗಿಡ ಸತ್ಸುಕಿ. ಇಂಟರ್ನೆಟ್ಟಿನಲ್ಲಿ ಎರಡರ ಫೋಟೋನೂ ಅಜೇಲಿಯಾ ಅಂತಲೇ ಹಾಕಿರುತ್ತಾರೆ. ಅದನ್ನು ನೋಡಿ ಏಪ್ರಿಲ್‌ನಲ್ಲಿ ಸತ್ಸುಕಿ ತೋಟಕ್ಕೆ ಹೋದರೆ ಬರೀ ಹಸಿರು ಪೊದೆ ನೋಡಿಕೊಂಡು ಬರಬೇಕು. ನಿಮ್ಮ ತಾರೀಖಿಗೆ ಸಿಗುವುದು ತ್ಸುತ್ಸುಜಿ.

ಒಂದೇ ಜಾಗ ಹೇಳಿ ಅಂದರೆ ನಾಗಾಓಕಾ ತೆನ್‌ಮಾಂಗು ದೇವಸ್ಥಾನ ಅನ್ನುತ್ತೇನೆ. ಇದು ಕ್ಯೋಟೋ ಊರೊಳಗಿಲ್ಲ, ನೈರುತ್ಯಕ್ಕೆ ಪಕ್ಕದ ನಾಗಾಓಕಾಕ್ಯೋದಲ್ಲಿದೆ. ಕ್ಯೋಟೋಗೆ ಮುಂಚೆ, 784ರಿಂದ 794ರವರೆಗೆ, ರಾಜಧಾನಿ ಇದ್ದದ್ದು ಇಲ್ಲೇ. ಹಾಂಕ್ಯೂ ರೈಲಿನಲ್ಲಿ ನಾಗಾಓಕಾ-ತೆಂಜಿನ್ ಸ್ಟೇಷನ್ನಿಗೆ ಇಳಿದು ಹತ್ತು ನಿಮಿಷ ನಡೆದರೆ ಸಾಕು. ದೇವಸ್ಥಾನದ ಮುಂದೆ ಒಂದು ಕೆರೆ ಇದೆ, 1638ರಲ್ಲಿ ಹೊಲಗದ್ದೆಗೆ ನೀರುಣಿಸಲು ಕಟ್ಟಿಸಿದ್ದು. ಅದರ ನಡುವಿನ ಏರಿಯ ಮೇಲೆ ಎರಡೂ ಕಡೆ ಕಿರಿಶಿಮಾ ಜಾತಿಯ ಗಿಡಗಳು. ಗಿಡ ಅಂದೆ, ಆದರೆ ಆಳೆತ್ತರಕ್ಕಿಂತ ಜಾಸ್ತಿ ಬೆಳೆದಿವೆ. ವಯಸ್ಸು ಸುಮಾರು 150 ವರ್ಷ ಅಂತಾರೆ. ಹೂವು ಬಂದಾಗ ಎಲೆಯೇ ಕಾಣುವುದಿಲ್ಲ, ಎರಡೂ ಕಡೆ ಕಡುಗೆಂಪು ಗೋಡೆ, ಮಧ್ಯೆ ನಡೆಯುವ ದಾರಿ. ದಾರಿ ಮಟ್ಟಸವಾಗಿದೆ, ಅಪ್ಪ-ಅಮ್ಮನಿಗೆ ಕಷ್ಟವಾಗಲ್ಲ. ಟಿಕೆಟ್ಟೂ ಇಲ್ಲ.

ಅಲ್ಲಿ ಸ್ವಲ್ಪ ಬಗ್ಗಿ ನೆಲ ನೋಡಿ. ಈ ಹೂವು ಎಸಳೆಸಳಾಗಿ ಉದುರುವುದಿಲ್ಲ. ಐದೂ ಎಸಳು ಬುಡದಲ್ಲಿ ಕೂಡಿಕೊಂಡು ಆಲಿಕೆಯ ಆಕಾರದಲ್ಲಿರುತ್ತವೆ, ಇಡೀ ಆಲಿಕೆ ಜಾರಿ ಬೀಳುತ್ತದೆ. ಹೂವಿನ ನಡುವಿನ ಉದ್ದನೆಯ ದಾರದಂಥ ಶಲಾಕೆ ಮಾತ್ರ ಗಿಡದಲ್ಲೇ ಉಳಿಯುತ್ತದೆ. ಕೆಲವು ಹೂವು ಪೂರ್ತಿ ಬೀಳದೆ ಆ ಶಲಾಕೆಯ ತುದಿಗೆ ಸಿಕ್ಕಿ ನೇತಾಡುತ್ತಿರುತ್ತವೆ.

ಫೋಟೋಗೆ ಬೆಳಿಗ್ಗೆ ಬೇಗ ಹೋಗಿ, ಇಲ್ಲಾ ಮೋಡ ಇರುವ ದಿನ ಹೋಗಿ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಈ ಕೆಂಪನ್ನು ಮೊಬೈಲ್ ಕ್ಯಾಮೆರಾ ತಡೆದುಕೊಳ್ಳುವುದಿಲ್ಲ, ಹೂವೆಲ್ಲಾ ಸೇರಿ ಬಣ್ಣ ಚೆಲ್ಲಿದ ಹಾಗೆ ಬರುತ್ತದೆ.

ಇನ್ನೊಂದು ದಿನ ಇದ್ದರೆ ಕ್ಯೋಟೋದ ದಕ್ಷಿಣಕ್ಕಿರುವ ಉಜಿ ಊರಿಗೆ ಹೋಗಿ. ಕೇಹಾನ್ ರೈಲಿನಲ್ಲಿ ಚೂಶೋಜಿಮಾದಲ್ಲಿ ಬದಲಾಯಿಸಿ ಮಿಮುರೋದೋದಲ್ಲಿ ಇಳಿಯಿರಿ. ಕಾಲು ಗಂಟೆ ನಡೆದರೆ ಮಿಮುರೋತೋಜಿ ದೇವಸ್ಥಾನ. ಗುಡ್ಡದ ಇಳಿಜಾರಿನಲ್ಲಿ ಸುಮಾರು 20,000 ಗಿಡ, ಹೆಚ್ಚಿನವು ದೊಡ್ಡ ಹೂವಿನ ಹಿರಾದೋ ಜಾತಿ, ಗುಲಾಬಿ, ನೇರಳೆ, ಬಿಳಿ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ನನಗೆ ಮಾತ್ರ ಫ್ಲವರ್ ಶೋಗೆ ಬಂದ ಹಾಗಾಗುತ್ತದೆ. ಇಲ್ಲಿ ಟಿಕೆಟ್ ಇದೆ, ಒಳಗೆ ಹತ್ತಿ ಇಳಿಯುವುದೂ ಇದೆ. ಹೂವಿನ ತೋಟ ತೆರೆದಿರುವ ದಿನಗಳು ವರ್ಷ ವರ್ಷ ಸ್ವಲ್ಪ ಆಚೀಚೆ ಆಗುತ್ತವೆ, ನೋಡಿಕೊಂಡು ಹೋಗಿ. ಅಮ್ಮನಿಗೆ ಮಂಡಿ ನೋವಿದ್ದರೆ ಇದನ್ನು ಬಿಟ್ಟು 1053ರ ಫೀನಿಕ್ಸ್ ಮಂಟಪ ಇರುವ, ಉಜಿಯದ್ದೇ ಬ್ಯೋದೋ-ಇನ್ ದೇವಸ್ಥಾನ ನೋಡಿಕೊಂಡು ಬನ್ನಿ. ಹತ್ತು ಯೆನ್ ನಾಣ್ಯದ ಮೇಲಿರುವುದು ಅದೇ ಮಂಟಪ.

ಏಪ್ರಿಲ್ 29ರಿಂದ ಮೇ 5ರವರೆಗೆ ಗೋಲ್ಡನ್ ವೀಕ್, ದೇಶದ ಹಲವು ರಜೆಗಳು ಒಟ್ಟಿಗೆ ಬರುವ ವಾರ. ರೈಲು, ಹೋಟೆಲ್, ಹೂವು ಎಲ್ಲಾ ಕಡೆ ನೂಕುನುಗ್ಗಲು. 29ಕ್ಕೆ ಮುಂಚೆಯೇ ಈ ಎರಡೂ ಜಾಗ ಮುಗಿಸಿಕೊಳ್ಳಿ. ಆಮೇಲೆ ಸುಮ್ನೆ ಬೀದಿ ಸುತ್ತಿ. ಜಪಾನಿನ ಊರುಗಳಲ್ಲಿ ರಸ್ತೆ ಬದಿ ಬೇಲಿಗೆ ಹಾಕುವುದೇ ಈ ಗಿಡ, ಬಸ್ ಕಾಯುವ ಹೊತ್ತಿನಲ್ಲೂ ಪಕ್ಕದಲ್ಲೇ ಸಿಗುತ್ತದೆ. ಇಲ್ಲಿನ ಮಕ್ಕಳು ಅದರ ಹೂವು ಕಿತ್ತು ಬುಡದ ಸಿಹಿ ಹೀರುವುದುಂಟು. ಜೊತೆಗೆ ಮಕ್ಕಳಿದ್ದರೆ ಅದನ್ನು ಕಲಿಸಬೇಡಿ, ಈ ಕುಟುಂಬದ ಗಿಡಗಳಲ್ಲಿ ವಿಷ ಇರುತ್ತದೆ.

ಇನ್ನು ವಿಮಾನದ ಟಿಕೆಟ್ ಬದಲಾಯಿಸಲು ಆಗುವ ಹಾಗಿದ್ದರೆ, ಮೇ ಕೊನೆಗೆ ಬನ್ನಿ. ಆಗ ಕ್ಯೋಟೋದ ಈಶಾನ್ಯ ಭಾಗ ಇಚಿಜೋಜಿಯಲ್ಲಿರುವ ಶಿಸೆನ್‌ದೋ ನೋಡಬಹುದು. ಇಶಿಕಾವಾ ಜೋಜಾನ್ ಅನ್ನುವ ಸಮುರಾಯ್ ಕತ್ತಿ ಕೆಳಗಿಟ್ಟು, ಕವಿತೆ ಬರೆದುಕೊಂಡಿರಲು 1641ರಲ್ಲಿ ಕಟ್ಟಿಸಿದ ಮನೆ. ಚಾಪೆಯ ಮೇಲೆ ಕೂತು ನೋಡಿದರೆ ಮುಂದೆ ಬಿಳಿ ಮರಳು, ಅದರಾಚೆ ದುಂಡಗೆ ಕತ್ತರಿಸಿದ ಸತ್ಸುಕಿ ಪೊದೆಗಳು. ಇಲ್ಲಿ ಹೂವಿಗಿಂತ ಆಕಾರಕ್ಕೆ ಮರ್ಯಾದೆ ಜಾಸ್ತಿ. ಹೂವು ಮುಗಿದ ಕೂಡಲೇ ಕತ್ತರಿ ಆಡಿಸುತ್ತಾರೆ. ತಡ ಮಾಡಿದರೆ ಬೇಸಿಗೆಯಲ್ಲಿ ಮೂಡುವ ಮುಂದಿನ ವರ್ಷದ ಮೊಗ್ಗೂ ಕತ್ತರಿಸಿ ಹೋಗುತ್ತದೆ. ನನ್ನ ಮಟ್ಟಿಗೆ ನಾಗಾಓಕಾದ ಕೆಂಪಿಗಿಂತ ಇದು ಒಂದು ಕೈ ಮೇಲು, ಆದರೆ ಮೊದಲ ಸಲ ಬರುವವರಿಗೆ ಆ ಕೆಂಪೇ ಇಷ್ಟವಾಗುತ್ತೆ ಅಲ್ವಾ? ಹೋಗುವುದಾದರೆ ಮೇ 23 ಬಿಟ್ಟು ಹೋಗಿ. ಜೋಜಾನ್ ತೀರಿಕೊಂಡ ದಿನದ ನೆನಪಿಗೆ ಅವತ್ತು ಒಳಗೆ ಬಿಡುವುದಿಲ್ಲ.