ಮಳೆಗಾಲದ ಮಲೆನಾಡಿನಲ್ಲಿ ಫ್ಲಾಟ್ ಪೆಡಲ್‌ಗೆ ಎಂಥ ಶೂ ತಗೊಳ್ಳಬೇಕು? ವಾಟರ್‌ಪ್ರೂಫ್ ಬೇಕಾ?

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ಓಡಿಸುತ್ತೇನೆ. ಫ್ಲಾಟ್ ಪೆಡಲ್, ಅಂದರೆ ಶೂಗೆ ಕೊಂಡಿ ಹಾಕದ ಚಪ್ಪಟೆ ಪೆಡಲ್. ಈಗಿರುವ ರನ್ನಿಂಗ್ ಶೂ ಜಾರುತ್ತದೆ, ಎರಡು ದಿನವಾದರೂ ಒಣಗುವುದಿಲ್ಲ. ಗೋರ್‌ಟೆಕ್ಸ್ ಪೊರೆ ಇರುವ ವಾಟರ್‌ಪ್ರೂಫ್ ಎಂಟಿಬಿ ಶೂಗೆ ದುಡ್ಡು ಹಾಕಬಹುದಾ?

ಉತ್ತರ: ಹಾಕಬೇಡಿ. ನೀವು ಹೇಳಿದ ಜಾಗಕ್ಕೆ, ನೀವು ಹೇಳಿದ ತಿಂಗಳುಗಳಿಗೆ ಬೇಡವೇ ಬೇಡ.

ಆ ಮಳೆಯಲ್ಲಿ ವಾಟರ್‌ಪ್ರೂಫ್ ಶೂ ಒಳಗೆ ನೀರು ಬರುವುದು ಬಟ್ಟೆಯ ಮೂಲಕ ಅಲ್ಲ, ಮೇಲಿನ ಬಾಯಿಯಿಂದ. ಮೊಣಕಾಲಿನಿಂದ ಇಳಿದ ನೀರು ಸಾಕ್ಸ್ ಹಿಡಿದುಕೊಂಡು ನೇರ ಪಾದಕ್ಕೆ ಹೋಗುತ್ತದೆ. ಮುಂದಿನ ಚಕ್ರ ಎರಚುವುದು ಬೇರೆ. ಒಂದು ಹಳ್ಳ ದಾಟಿದರಂತೂ ಮುಗಿಯಿತು. ಹೀಗೆ ಒಳಗೆ ಬಂದ ನೀರನ್ನು ವಾಟರ್‌ಪ್ರೂಫ್ ಪೊರೆ ಹೊರಗೆ ಬಿಡುವುದಿಲ್ಲ, ತಂಬಿಗೆಯ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಇನ್ನು ಬೆವರಿನ ವಿಷಯ. ಗೋರ್‌ಟೆಕ್ಸ್‌ನಂಥ ಪೊರೆಯಿಂದ ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿಯಲ್ಲಿ ಒಳಗಿಗಿಂತ ತೇವ ಕಡಿಮೆ ಇರಬೇಕು, ಮೇಲಿನ ಬಟ್ಟೆಯೂ ನೆನೆದಿರಬಾರದು. ಜುಲೈ ತಿಂಗಳ ತೋಟದಲ್ಲಿ ಈ ಎರಡೂ ಸಿಗುವುದಿಲ್ಲ. ಬಟ್ಟೆಯ ಮೇಲೆ ನೀರು ಹನಿಯಾಗಿ ಉರುಳಲಿ ಎಂದು ಕಾರ್ಖಾನೆಯಲ್ಲಿ ಹಾಕಿದ ಲೇಪ ಕೆಸರಿನ ಉಜ್ಜಾಟಕ್ಕೆ ಬೇಗ ಸವೆಯುತ್ತದೆ. ಆಮೇಲೆ ಬಟ್ಟೆ ನೀರು ಕುಡಿದು ಪೊರೆಯ ಉಸಿರು ಕಟ್ಟುತ್ತದೆ.

ಇಂಥ ಶೂಗಳು ಮಾಡಿದ್ದು ಚಳಿಯ ಊರಿಗೆ. ಸ್ಕಾಟ್ಲೆಂಡ್, ವೇಲ್ಸ್ ಕಡೆ ಚಳಿಗಾಲದಲ್ಲಿ 5 ಡಿಗ್ರಿ ಇರುವಾಗ ನೆನೆದ ಪಾದ ಮರಗಟ್ಟುತ್ತದೆ. ಆ ಕಡೆ ಇರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ಫೈವ್ ಟೆನ್ ಟ್ರೈಲ್‌ಕ್ರಾಸ್ ಜಿಟಿಎಕ್ಸ್ ಥರದ, ಹರಡಿನ ಮೇಲೆ ಪಟ್ಟಿ ಇರುವ ಶೂ ತಗೊಂಡು, ಮಳೆ ಪ್ಯಾಂಟಿನ ಅಂಚು ಪಟ್ಟಿಯ ಹೊರಗೆ ಬೀಳುವಂತೆ ಹಾಕಿಕೊಳ್ಳಿ. ಒಳಗೆ ಸಿಕ್ಕಿಸಿದರೆ ಅದೇ ತಂಬಿಗೆ ಕಥೆ.

ನಿಮಗೆ ಬೇಕಾದದ್ದು ಎರಡು: ನೆನೆದಾಗಲೂ ಪೆಡಲ್ ಬಿಡದ ಸೋಲ್, ಬಂದ ನೀರನ್ನು ಹೊರಗೆ ಬಿಟ್ಟು ಬೇಗ ಒಣಗುವ ಮೈ.

ಮೊದಲು ಸೋಲ್. ರನ್ನಿಂಗ್ ಶೂ ಏಕೆ ಜಾರುತ್ತದೆಂದರೆ ಅದರ ತಳದಲ್ಲಿ ಸವೆಯದ ಗಟ್ಟಿ ರಬ್ಬರಿನ ತುಂಡುಗಳು, ನಡುವೆ ಬರೀ ಫೋಮ್. ಗಟ್ಟಿ ರಬ್ಬರಿಗೆ ಪೆಡಲಿನ ಪಿನ್ (ಮೇಲೆ ಎದ್ದು ನಿಂತ ಸಣ್ಣ ಮೊಳೆ) ಇಳಿಯುವುದಿಲ್ಲ, ಫೋಮ್ ಪಿನ್ನಿಗೆ ಸಿಕ್ಕು ಚಿಂದಿಯಾಗುತ್ತದೆ. ಸಾಲದ್ದಕ್ಕೆ ಬೆರಳಿನ ಕಡೆ ತಳ ಮೇಲಕ್ಕೆ ಬಾಗಿರುತ್ತದೆ. ಎಂಟಿಬಿ ಫ್ಲಾಟ್ ಶೂಗಳ ಮೆತ್ತನೆ ರಬ್ಬರ್ ಬಂದಿರುವುದು ಬಂಡೆ ಹತ್ತುವವರಿಂದ. ಫೈವ್ ಟೆನ್ ಕಂಪನಿಯ ಸ್ಟೆಲ್ತ್ ರಬ್ಬರ್ ಮೂಲದಲ್ಲಿ ಕ್ಲೈಂಬಿಂಗ್ ಶೂಗೆ ಮಾಡಿದ್ದು, 2011ರಲ್ಲಿ ಅಡಿಡಾಸ್ ಆ ಕಂಪನಿಯನ್ನು ಕೊಂಡಿತು. ಸ್ಪೆಷಲೈಸ್ಡ್‌ನವರ ಸ್ಲಿಪ್‌ನಾಟ್, ಶಿಮಾನೊ ಜಿಆರ್ ಸಾಲಿನ ಶೂಗಳ ಸೋಲ್ ಕೂಡ ಇದೇ ಉದ್ದೇಶದವು. ಅಂಗಡಿಯಲ್ಲಿ ಹೆಸರು ನೋಡುವುದಕ್ಕಿಂತ ಹೆಬ್ಬೆರಳಿನ ಉಗುರನ್ನು ಸೋಲಿಗೆ ಒತ್ತಿ. ಉಗುರಿನ ಗುರುತು ಮೂಡಿ, ಒಂದೆರಡು ಕ್ಷಣ ಬಿಟ್ಟು ನಿಧಾನಕ್ಕೆ ಮಾಯವಾದರೆ ಒಳ್ಳೆಯ ಲಕ್ಷಣ. ಗುರುತೇ ಬೀಳದಿದ್ದರೆ ಅಥವಾ ತಕ್ಷಣ ಪುಟಿದು ನಿಂತರೆ ಮುಂದಿನ ಜೊತೆ ನೋಡಿ.

ಒಣ ದಾರಿಯಲ್ಲಿ ರಬ್ಬರಿನ ಅಂಟೇ ಅರ್ಧ ಕೆಲಸ ಮಾಡುತ್ತದೆ. ಕೆಮ್ಮಣ್ಣಿನ ರಾಡಿ ನಡುವೆ ಬಂದರೆ ಆ ಅಂಟು ಹೋಯಿತು. ಆಗ ಕಾಲನ್ನು ಹಿಡಿಯುವುದು ಸೋಲಿನೊಳಗೆ ಇಳಿದ ಪಿನ್ ಮಾತ್ರ. ಆದ್ದರಿಂದ ಸೋಲಿನ ವಿನ್ಯಾಸ ನೋಡಬೇಕು. ಪೆಡಲಿನ ಮೇಲೆ ಕೂರುವ ಭಾಗದಲ್ಲಿ ಸಣ್ಣ ಚುಕ್ಕೆ ಅಥವಾ ಷಟ್ಕೋನಗಳು, ಆಳ ಕಡಿಮೆ, ನಡುವೆ ಪಿನ್ ಇಳಿಯುವಷ್ಟು ಸಂದು. ಬೆರಳಿನ ತುದಿ ಮತ್ತು ಹಿಮ್ಮಡಿಯಲ್ಲಿ ಮಾತ್ರ 4-5 ಮಿ.ಮೀ. ಎತ್ತರದ ಹಲ್ಲುಗಳು. ಈ ಹಲ್ಲುಗಳನ್ನು ಬಹಳ ಜನ ಮರೆಯುತ್ತಾರೆ. ಮಲೆನಾಡಿನ ಮಳೆಯಲ್ಲಿ ಸೈಕಲ್ ತಳ್ಳುವ ದಾರಿ ಓಡಿಸುವ ದಾರಿಗಿಂತ ಕಡಿಮೆಯೇನಲ್ಲ. ಹೆಗಲ ಮೇಲೆ ಸೈಕಲ್ ಹೊತ್ತು ಕಾಲುಸಂಕ ದಾಟುವಾಗ ಪೂರ್ತಿ ಚಪ್ಪಟೆ ಸೋಲ್ ಇದ್ದರೆ ನೇರ ಹಳ್ಳಕ್ಕೆ. ಹಾಗೆಂದು ಟ್ರೆಕ್ಕಿಂಗ್ ಬೂಟಿನಂತೆ ತಳದ ತುಂಬ ಆಳದ ಹಲ್ಲು ಇದ್ದರೂ ಕಷ್ಟ: ಪಿನ್‌ಗಳು ಹಲ್ಲಿನ ಸಂದಿಗೆ ಬಿದ್ದು ಕಾಲು ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ, ಸರಿಪಡಿಸಿಕೊಳ್ಳಲು ಬಿಡುವುದಿಲ್ಲ. ಪಾಚಿ ಹಿಡಿದ ಬಂಡೆಯ ಮೇಲೆ ಮಾತ್ರ ಯಾವ ಸೋಲೂ ನಿಲ್ಲುವುದಿಲ್ಲ, ಅಲ್ಲಿ ನೀರಿಗಿಳಿದು ಮರಳಿನ ಮೇಲೆ ನಡೆಯಿರಿ.

ಶೂ ಕೊಳ್ಳುವ ಮುಂಚೆ ಪೆಡಲ್ ಒಮ್ಮೆ ನೋಡಿಬಿಡಿ. ಸೈಕಲ್ ಜೊತೆ ಬಂದ ಪ್ಲಾಸ್ಟಿಕ್ ಪೆಡಲ್ಲಿಗೆ ಅಚ್ಚಿನಲ್ಲೇ ಬಂದ ಉಬ್ಬುಗಳಷ್ಟೇ ಇದ್ದರೆ, ಎಂಥ ಶೂ ಹಾಕಿದರೂ ಮಳೆಯಲ್ಲಿ ಜಾರುತ್ತದೆ. ಬಿಚ್ಚಿ ಹಾಕಬಹುದಾದ ಉಕ್ಕಿನ ಪಿನ್ ಬೇಕು, ಒಂದೊಂದು ಬದಿಗೆ 8ರಿಂದ 10, ಎತ್ತರ 4-5 ಮಿ.ಮೀ. ಪಿನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬುದು ತಪ್ಪು ಲೆಕ್ಕ. ನಿಮ್ಮ ಭಾರ ಹೆಚ್ಚು ಪಿನ್‌ಗಳಿಗೆ ಹಂಚಿಹೋದರೆ ಒಂದೂ ಆಳಕ್ಕೆ ಇಳಿಯುವುದಿಲ್ಲ. ಪೆಡಲಿನ ನಡುಭಾಗ, ಅಂದರೆ ಆಕ್ಸಲ್ ಹಾದುಹೋಗುವ ಕಡೆ ಉಬ್ಬಿದ್ದರೆ, ನಡುವಿನ ಪಿನ್‌ಗಳನ್ನು ಇಳಿಸಿ ಅಥವಾ ತೆಗೆದೇಬಿಡಿ, ಮುಂದಿನ-ಹಿಂದಿನ ಸಾಲನ್ನು ಎತ್ತರಿಸಿ. ಪಾದ ತಟ್ಟೆಯೊಳಗೆ ಕೂತಂತೆ ಕೂರುತ್ತದೆ. ಖರ್ಚಿಲ್ಲದ ರಿಪೇರಿ, ಅಲೆನ್ ಕೀ ಒಂದಿದ್ದರೆ ಸಾಕು. ಪಿನ್ನಿನ ತಲೆಯ ತೂತಿನಲ್ಲಿ ಕೆಸರು ಗಟ್ಟಿಯಾಗಿದ್ದರೆ ಮೊದಲು ಸೂಜಿಯಿಂದ ಕೆದಕಿ ತೆಗೆಯಿರಿ. ಕೀ ಪೂರ್ತಿ ಇಳಿಯದೆ ತಿರುಗಿಸಿದರೆ ತೂತು ದುಂಡಗಾಗಿ ಪಿನ್ ಅಲ್ಲೇ ಉಳಿಯುತ್ತದೆ. ಮತ್ತೆ ಹಾಕುವಾಗ ಪಿನ್ನಿನ ತಿರುಪಿಗೆ ನೀಲಿ ಥ್ರೆಡ್‌ಲಾಕರ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ತೊಟ್ಟು. ಕೆಂಪು ಬೇಡ, ಅದು ಬಿಸಿ ಮಾಡದೆ ಬಿಡುವುದಿಲ್ಲ. ಎತ್ತರದ ಪಿನ್ ಮೊಣಕಾಲಿನ ಕೆಳಗಿನ ಮೂಳೆಗೆ ತಾಗಿದರೆ ಏನಾಗುತ್ತದೆಂದು ವಿವರಿಸುವುದು ಬೇಡ, ತೆಳು ಶಿನ್ ಗಾರ್ಡ್ ಹಾಕಿಕೊಳ್ಳಿ.

ಈಗ ಮೈ. ನೀರು ಕುಡಿಯುವುದು ನಾಲಿಗೆ ಮತ್ತು ಹರಡಿನ ಸುತ್ತಲಿನ ಸ್ಪಂಜು. ಸ್ಕೇಟ್ ಶೂ ಥರ ದಪ್ಪ ದಿಂಬು ಇಟ್ಟ ಮಾದರಿಗಳು ಒಣಗಿದಾಗ ಬಹಳ ಹಾಯಾಗಿರುತ್ತವೆ, ನೆನೆದರೆ ಕಾಲಿಗೆ ಇಟ್ಟಿಗೆ ಕಟ್ಟಿದಂತೆ. ಈಗಿರುವ ಶೂ ಎಷ್ಟು ಕುಡಿಯುತ್ತದೆಂದು ತಿಳಿಯಲು ಅಡುಗೆಮನೆ ತಕ್ಕಡಿ ಸಾಕು. ಒಣಗಿದ್ದಾಗ ತೂಗಿ, ಬಕೆಟ್ಟಿನಲ್ಲಿ ಒಂದು ನಿಮಿಷ ಮುಳುಗಿಸಿ, ಎರಡು ನಿಮಿಷ ತಲೆಕೆಳಗಾಗಿ ಹಿಡಿದು ಮತ್ತೆ ತೂಗಿ. 200 ಗ್ರಾಂ ಏರಿದರೆ ಅಷ್ಟು, ಅಂದರೆ ಒಂದು ಲೋಟ ನೀರು, ಒಂದೊಂದು ಕಾಲಿನಲ್ಲಿ ಹೊತ್ತು ತುಳಿಯುತ್ತಿದ್ದೀರಿ. ಹೊಸದರಲ್ಲಿ ತೆಳು ನಾಲಿಗೆ, ಬೆರಳಿಗೆ ಗಟ್ಟಿ ರಕ್ಷೆ, ಅದರ ಹಿಂದೆ ಬದಿಗಳಲ್ಲಿ ಜಾಲರಿ ಬಟ್ಟೆ ನೋಡಿ. ಜಾಲರಿಗೆ ಬಾಯಿಟ್ಟು ಊದಿದರೆ ಗಾಳಿ ಒಳಗೆ ಹೋಗಬೇಕು. ಫೈವ್ ಟೆನ್‌ನ ಟ್ರೈಲ್‌ಕ್ರಾಸ್ ಎಲ್‌ಟಿ ಇಂಥ ಜಾತಿಯದು. ಅದೇ ಕಂಪನಿಯ ಇಂಪ್ಯಾಕ್ಟ್ ಪ್ರೊ ಡೌನ್‌ಹಿಲ್‌ಗೆ (ಕಡಿದಾದ ಇಳಿಜಾರಿನ ಸವಾರಿಗೆ) ಗಟ್ಟಿಮುಟ್ಟು, ಮಳೆಗಾಲಕ್ಕೆ ಭಾರ. ಸ್ವೇಡ್ ಚರ್ಮ ಬೇಡ, ಒಂದೇ ವಾರದಲ್ಲಿ ಬೂಸಲು ಹಿಡಿಯುತ್ತದೆ.

ನಾಲಿಗೆ ಎರಡೂ ಬದಿಗೆ ಶೂ ಮೈಗೆ ಹೊಲಿದಿದೆಯೇ ಎಂದು ಬೆರಳು ಹಾಕಿ ನೋಡಿ. ಬಿಡಿ ನಾಲಿಗೆಯ ಸಂದಿಯಿಂದ ಮರಳೂ ಬರುತ್ತದೆ, ಇಂಬಳವೂ (ಜಿಗಣೆ) ಬರುತ್ತದೆ. ಇಂಬಳ ಅನ್ನಿ, ಉಂಬಳ ಅನ್ನಿ, ಸಾಮಾನ್ಯ ಹೆಣಿಗೆಯ ಸಾಕ್ಸ್ ಅದಕ್ಕೆ ತಡೆಯಲ್ಲ, ಕಣ್ಣುಗಳ ನಡುವೆಯೇ ನುಸುಳುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಬರುವ ಲೀಚ್ ಸಾಕ್ಸ್ ಹೊರಗೆ, ಒಳಗೆ ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್ ಸಾಕ್ಸ್. ಹತ್ತಿಯದು ನೆನೆದರೆ ಮಡಿಕೆಬಿದ್ದು ಬೊಬ್ಬೆ ಏಳಿಸುತ್ತದೆ. ಶೂ ಅಳತೆ ನೋಡುವಾಗ ಈ ಎರಡನ್ನೂ ಹಾಕಿಕೊಂಡು, ಸಂಜೆ ಹೊತ್ತು ಹೋಗಿ. ಉದ್ದ ಬೆರಳಿನ ಮುಂದೆ 10 ಮಿ.ಮೀ. ಜಾಗ ಇರಲಿ. ಆದರೆ ಹಿಮ್ಮಡಿ ಮೇಲೇಳಬಾರದು, ನೆನೆದ ಶೂ ಇನ್ನಷ್ಟು ಸಡಿಲವಾಗುತ್ತದೆ. ಅಂಗಡಿಯಲ್ಲಿ ಪಿನ್ ಇರುವ ಪೆಡಲ್ ಹಾಕಿದ ಸೈಕಲ್ ಇದ್ದರೆ ಕೇಳಿ ಹತ್ತಿ ನಿಂತು, ಪಾದವನ್ನು ಎತ್ತದೆ ತಿರುಚಲು ನೋಡಿ. ಸುಲಭಕ್ಕೆ ತಿರುಗಿದರೆ ಬೇಡ.

ಗಂಬೂಟಿನ ಯೋಚನೆ ಬಂದಿದ್ದರೆ ಬಿಡಿ. ಅದರ ಗಟ್ಟಿ ತಳ ಪಿನ್ ಹಿಡಿಯದು, ನೀರು ತುಂಬಿದರೆ ಬಸಿಯದು.

ಒಣಗಿಸುವುದರಲ್ಲೇ ಅರ್ಧ ಶೂಗಳು ಸಾಯುತ್ತವೆ. ಮನೆಗೆ ಬಂದ ತಕ್ಷಣ ಬ್ರಷ್ ಹಿಡಿದು ಸಾದಾ ನಲ್ಲಿ ನೀರಿನಲ್ಲಿ ಕೆಸರು ತೊಳೆಯಿರಿ. ಪ್ರೆಶರ್ ವಾಷರ್ ಬಿಟ್ಟರೆ ಮಣ್ಣು ಬಟ್ಟೆಯೊಳಗೆ ಇನ್ನೂ ಇಳಿಯುತ್ತದೆ. ಲೇಸ್ ಪೂರ್ತಿ ಸಡಿಲಿಸಿ, ಇನ್‌ಸೋಲ್ (ಪಾದದ ಕೆಳಗಿನ ಒಳ ಹಾಸು) ಹೊರಗೆ ತೆಗೆದು, ಹಳೆ ಪೇಪರ್ ಉಂಡೆ ಮಾಡಿ ತುರುಕಿ. ಮೊದಲ ಉಂಡೆ ಅರ್ಧ ಗಂಟೆಗೇ ಒದ್ದೆಯಾಗುತ್ತದೆ, ಬದಲಿಸಿ. ಆಮೇಲೆ ಎರಡು-ಮೂರು ಗಂಟೆಗೊಮ್ಮೆ. ರಾತ್ರಿ ಪೇಪರ್ ತೆಗೆದು ಶೂ ಬಾಯಿ ಟೇಬಲ್ ಫ್ಯಾನಿನ ಕಡೆಗಿಡಿ. ಬಚ್ಚಲು ಒಲೆಯ ಪಕ್ಕ ಮಾತ್ರ ಇಡಬೇಡಿ. ಸೋಲ್ ಅಂಟಿಸಿದ ಗೋಂದು ಆ ಕಾವಿಗೆ ಮೆತ್ತಗಾಗಿ, ಮುಂದಿನ ಸವಾರಿಯಲ್ಲಿ ಬೆರಳಿನ ತುದಿಯಿಂದ ಸೋಲ್ ಬಾಯಿಬಿಡುತ್ತದೆ. ಬಿಟ್ಟರೆ, ಪೂರ್ತಿ ಒಣಗಿದ ಮೇಲೆ ಎರಡೂ ಮುಖಗಳನ್ನು ಮರಳು ಕಾಗದದಿಂದ ಉಜ್ಜಿ, ಶೂ ರಿಪೇರಿಯವರ ಬಳಿಯ ಹಳದಿ ರಬ್ಬರ್ ಅಂಟನ್ನು ಎರಡೂ ಕಡೆ ತೆಳುವಾಗಿ ಸವರಿ, 10-15 ನಿಮಿಷ ಬಿಟ್ಟು ಅಂಟಂಟಾದಾಗ ಒತ್ತಬೇಕು. ಹಸಿ ಇರುವಾಗಲೇ ಒತ್ತಿದರೆ ಹಿಡಿಯುವುದಿಲ್ಲ. ತುದಿಗೆ ನೈಲಾನ್ ದಾರದ ನಾಲ್ಕು ಹೊಲಿಗೆಯನ್ನೂ ಹಾಕಿಸಿ.

ಕಾಲಿಗೂ ಅಷ್ಟೇ ಗಮನ ಬೇಕು. ಇಂಬಳ ಕಚ್ಚಿದ ಗಾಯ, ತರಚಿದ ಚರ್ಮ ಕೆಸರು ನೀರಿನಲ್ಲಿ ನೆನೆದಿದ್ದರೆ ಸೋಪು ಹಾಕಿ ತೊಳೆದು ಬೆರಳ ಸಂದಿ ಒರೆಸಿ. ಆ ಸೀಮೆಯಲ್ಲಿ ಮಳೆಗಾಲದ ಇಲಿಜ್ವರ ಹರಡುವುದು ಇಂಥ ನೀರಿನಿಂದಲೇ. ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಡಾಕ್ಟರಿಗೆ ಹಳ್ಳ ದಾಟಿದ್ದನ್ನೂ ಹೇಳಿ.

ವಾಟರ್‌ಪ್ರೂಫ್ ಬಿಟ್ಟು ಉಳಿದ ದುಡ್ಡಿನಲ್ಲಿ ಇನ್ನೊಂದು ಜೊತೆ ಇನ್‌ಸೋಲ್ ತಗೊಳ್ಳಿ. ಕೊನೆಗೆ ಒಣಗುವುದು ಯಾವಾಗಲೂ ಅದೇ. ಶನಿವಾರ ನೆನೆಸಿದ ಶೂಗೆ ಭಾನುವಾರ ಒಣ ಇನ್‌ಸೋಲ್ ಹಾಕಿದರೆ, ಮೈ ಸ್ವಲ್ಪ ತೇವ ಇದ್ದರೂ ಕಾಲಿಡುವಾಗ ಮುಖ ಸಿಂಡರಿಸಿಕೊಳ್ಳುವಂತಿರುವುದಿಲ್ಲ.