‘ನನ್ನ ಬದುಕಿನ ಬಗ್ಗೆ ದೇವರಿಗೆ ಯಾವ ಯೋಜನೆಯೂ ಇಲ್ವಾ?’

ಪ್ರಶ್ನೆ: ನನಗೆ 41 ವರ್ಷ. ಗದಗದಲ್ಲಿದ್ದೇವೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್) ಸಭೆಯವರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಅತ್ತೆಗೆ ಲಕ್ವಾ ಹೊಡೆದ ಮೇಲೆ ಕೆಲಸ ಬಿಟ್ಟೆ. ಈಗ ದಿನವಿಡೀ ಅವರ ಊಟ, ಸ್ನಾನ, ಮಾತ್ರೆ, ಬಟ್ಟೆ. ಏನು ಮಾಡಿದರೂ ಅವರಿಗೆ ಸಮಾಧಾನವಿಲ್ಲ. ಕಾಲೇಜಿನಲ್ಲಿ ನನ್ನ ಜೊತೆ ಪ್ರಾರ್ಥನಾ ಕೂಟದಲ್ಲಿದ್ದ ಗೆಳತಿ ಮಿಷನ್ ಆಸ್ಪತ್ರೆಯಲ್ಲಿ ನರ್ಸ್. ಅವಳು ಸಭೆಯಲ್ಲಿ ಸಾಕ್ಷಿ ಹೇಳಿದಾಗ ಎಲ್ಲರ ಕಣ್ಣಲ್ಲೂ ನೀರು. ಹೊಸ ವರ್ಷದ ಆರಾಧನೆಯಲ್ಲಿ ನನಗೆ ಸಿಕ್ಕ ವಾಗ್ದಾನ ವಾಕ್ಯ ಬೈಬಲಿನ ಯೆರೆಮೀಯ 29:11. ನಮ್ಮ ಬಗ್ಗೆ ದೇವರಿಗೆ ಒಳ್ಳೆಯ ಆಲೋಚನೆಗಳಿವೆ ಎಂಬ ವಾಕ್ಯ. ಎಲ್ಲಿವೆ? ಕೆಲವು ರಾತ್ರಿ, ಬೆಳಗ್ಗೆ ಏಳದೇ ಇದ್ದರೆ ಸಾಕು ಅನ್ನಿಸುತ್ತದೆ. ನನ್ನ ವಿಶ್ವಾಸ ಕಡಿಮೆಯಾಯಿತಾ?

ಪ್ರಿಯ ಸಹೋದರಿ,

ನಿಮ್ಮ ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಏಳುವುದೇ ಬೇಡ ಅನ್ನಿಸುವುದಕ್ಕೂ ವಿಶ್ವಾಸ ಕಡಿಮೆಯಾಗುವುದಕ್ಕೂ ಸಂಬಂಧ ಕಟ್ಟಬೇಡಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡ ಪ್ರವಾದಿ ಎಲೀಯ, ಸ್ವಲ್ಪ ದಿನದಲ್ಲೇ ಮರುಭೂಮಿಯ ಒಂದು ಗಿಡದ ಕೆಳಗೆ ಕೂತು, ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡಿದ. ದೇವದೂತ ಬಂದ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಇನ್ನೊಮ್ಮೆ ಬಂದು ಎಬ್ಬಿಸಿ ತಿನ್ನಲು ಹೇಳಿದ. ಮುಂದಿನ ದಾರಿಯ ಮಾತು ಬಂದದ್ದು ಆಗಲೇ.

ನಿಮಗೂ ಮೊದಲು ಬೇಕಾಗಿರುವುದು ನಿದ್ದೆ, ಮತ್ತು ನಿಮ್ಮ ಮಾತು ಕೇಳುವವರು. ಈ ವಾರವೇ ಒಬ್ಬ ವೈದ್ಯರನ್ನು ಕಾಣಿ. ನನಗೆ ಬರೆದ ಆ ವಾಕ್ಯವನ್ನು ಅವರಿಗೂ ಇದ್ದಹಾಗೇ ಹೇಳಿ. ರಾತ್ರಿ ಅಂಥ ಯೋಚನೆ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಯಾವ ಹೊತ್ತಿನಲ್ಲಾದರೂ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆ ಮಾಡುವವರು ಇದನ್ನು ಮಾಡಬಾರದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಈಗ ನಿಮ್ಮ ವಾಗ್ದಾನ ವಾಕ್ಯ. ನಮ್ಮ ಮನೆಗಳ ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ, ಮದುವೆ ಕಾರ್ಡಿನಲ್ಲಿ ಎಲ್ಲಾ ಕಡೆ ಇರುವ ವಾಕ್ಯ ಅದು. ಅದೊಂದನ್ನೇ ಕತ್ತರಿಸಿ ಕೊಟ್ಟಾಗ, ಎಲ್ಲೋ ಮುಂದೆ ದೊಡ್ಡದೇನೋ ಕಾದಿದೆ ಎಂದೇ ಕೇಳಿಸುತ್ತದೆ. ಆದರೆ ಅದು ಸೆರೆಹೋದ ಜನರಿಗೆ ಪ್ರವಾದಿ ಯೆರೆಮೀಯ ಬರೆದ ಒಂದು ಪತ್ರದ ನಡುವಿನ ಸಾಲು. ಕ್ರಿ.ಪೂ. 597ರ ಸುಮಾರಿಗೆ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ಜನರನ್ನು ತನ್ನ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಒಯ್ದಿದ್ದ. ಆ ಊರು ಅವರು ಆರಿಸಿಕೊಂಡದ್ದಲ್ಲ. ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತದೆ ಎಂದು ಹನನ್ಯ ಎಂಬ ಪ್ರವಾದಿ ಸಾರುತ್ತಿದ್ದ. ಯೆರೆಮೀಯ ಬರೆದದ್ದು 70 ವರ್ಷ ಎಂದು. ಅಂದರೆ ಆ ಪತ್ರ ಕೇಳಿಸಿಕೊಂಡವರಲ್ಲಿ ಎಷ್ಟೋ ಜನ ತಮ್ಮ ಊರನ್ನು ಮತ್ತೆ ನೋಡದೇ ಸಾಯುವವರು. ಅವರಿಗೆ ದೇವರು ಏನು ಹೇಳಿ ಕಳಿಸಿದರು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿಗಾಗಿ ಪ್ರಾರ್ಥಿಸಿ. ಇದಿಷ್ಟೂ ಆದಮೇಲೆ ಬರುವುದು 11ನೇ ವಚನ.

ಹೀಗಾಗಿ ‘ಎಲ್ಲಿವೆ’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಊಟ, ಸ್ನಾನ, ಮಾತ್ರೆ, ಬಟ್ಟೆ ಎಂದು ನೀವು ಬರೆದಿರಲ್ಲ, ಆ ಪತ್ರ ಮಾತಾಡುವುದು ಅಂಥ ದಿನಗಳ ಬಗ್ಗೆಯೇ. ದೇವರ ಯೋಜನೆ ನಿಮ್ಮನ್ನು ಬಿಟ್ಟು ನಿಮ್ಮ ಗೆಳತಿಯ ಆಸ್ಪತ್ರೆಗೆ ಹೋಗಿಲ್ಲ. ಒಂದು ಮಾತು ಮಾತ್ರ ಬೇರೆ ಇಡುತ್ತೇನೆ. ಅತ್ತೆಗೆ ಲಕ್ವಾ ಹೊಡೆದದ್ದೇ ದೇವರ ಯೋಜನೆ ಎಂದು ನಾನು ಹೇಳುವುದಿಲ್ಲ, ನೀವೂ ಹಾಗೆ ನಂಬಬೇಕಾಗಿಲ್ಲ. ಗಣಿತದ ತರಗತಿ ಬಿಟ್ಟದ್ದಕ್ಕೆ ದುಃಖವಿದ್ದರೆ ಅಳಿ. ಅದು ಗೊಣಗಾಟ ಅಲ್ಲ.

ನೀವು ಸಿಎಸ್‌ಐನವರು. ಆದರೂ ಕೆಥೋಲಿಕರ ಒಬ್ಬ ಸಂತಳನ್ನು ನಿಮಗೆ ಪರಿಚಯ ಮಾಡಿಸಬೇಕು ಅನ್ನಿಸುತ್ತಿದೆ. ಫ್ರಾನ್ಸಿನ ಲಿಸ್ಯೂ ಊರಿನ ತೆರೇಸಾ. ಕೋಲ್ಕತ್ತದ ಮದರ್ ತೆರೇಸಾ ತಮ್ಮ ಹೆಸರು ಪಡೆದದ್ದು ಈಕೆಯಿಂದಲೇ. 15ನೇ ವಯಸ್ಸಿಗೆ ಕಾನ್ವೆಂಟ್ ಸೇರಿದಳು. ಮಿಷನರಿಯಾಗಿ ವಿಯೆಟ್ನಾಮಿನ ಹನೋಯ್‌ಗೆ ಹೋಗುವ ಆಸೆಯಿತ್ತು. ಕ್ಷಯ ಬಂದು 1897ರಲ್ಲಿ, 24ನೇ ವಯಸ್ಸಿನಲ್ಲಿ, ಅದೇ ಕಾನ್ವೆಂಟಿನಲ್ಲಿ ತೀರಿಕೊಂಡಳು. ಅಲ್ಲಿ ಆಕೆ ಮಾಡುತ್ತಿದ್ದ ಒಂದು ಕೆಲಸ ಕೇಳಿ. ಒಬ್ಬ ವಯಸ್ಸಾದ, ಕಾಯಿಲೆಯ ಸಿಸ್ಟರನ್ನು ದಿನಾ ಸಂಜೆ ಊಟದ ಕೋಣೆಗೆ ಕೈಹಿಡಿದು ಕರೆದೊಯ್ಯುವುದು. ಬೇಗ ನಡೆದರೆ ಬೀಳಿಸುತ್ತೀಯ ಎಂಬ ಬೈಗುಳ. ನಿಧಾನ ಮಾಡಿದರೆ ಹಿಡಿದುಕೊಂಡೇ ಇಲ್ಲ ಎಂಬ ದೂರು. ಆ ಸಿಸ್ಟರಿನ ಕೈ ಆಡುತ್ತಿರಲಿಲ್ಲ, ತೆರೇಸಾ ಬ್ರೆಡ್ ಕತ್ತರಿಸಿ ಇಟ್ಟು, ಒಮ್ಮೆ ನಕ್ಕು ಹೋಗುತ್ತಿದ್ದಳು. ನಿಮ್ಮ ಮನೆಯ ಕಥೆಯ ಹಾಗೇ ಇದೆ, ಅಲ್ವಾ? ಗೋವಾದಿಂದ ಜಪಾನಿನವರೆಗೆ ತಿರುಗಿದ ಫ್ರಾನ್ಸಿಸ್ ಕ್ಸೇವಿಯರ್ ಜೊತೆ ಇವಳನ್ನೂ ಮಿಷನ್‌ಗಳ ಪಾಲಕ ಸಂತಳೆಂದು 1927ರಲ್ಲಿ ಪೋಪ್ ಸಾರಿದರು. ಒಂದು ದಿನವೂ ಮಿಷನ್ ದೇಶಕ್ಕೆ ಹೋಗದವಳು!

ಆದರೆ ಒಂದು ವ್ಯತ್ಯಾಸ ಇದೆ, ಇದನ್ನು ನಿಮ್ಮ ಯಜಮಾನರೂ ಓದಲಿ. ತೆರೇಸಾಳ ಕಾನ್ವೆಂಟಿನಲ್ಲಿ ಕೆಲಸ ಹಂಚಿಕೊಳ್ಳಲು ಬೇರೆ ಸಿಸ್ಟರುಗಳಿದ್ದರು. ನಿಮ್ಮ ಪತ್ರದಲ್ಲಿ ಯಜಮಾನರ ಹೆಸರು ಒಮ್ಮೆಯೂ ಬಂದಿಲ್ಲ. ಹಾಸಿಗೆ ಹಿಡಿದಿರುವುದು ಅವರ ತಾಯಿ. ವಾರಕ್ಕೆ ಎರಡು ರಾತ್ರಿ ಅವರೇ ಎದ್ದು ನೋಡಿಕೊಳ್ಳಲಿ. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಅವರು ಮನೆಯಲ್ಲಿದ್ದು ನಿಮ್ಮನ್ನು ಆರಾಧನೆಗೆ ಕಳಿಸಲಿ. ಬೇಡಿಕೊಳ್ಳುವ ದನಿಯಲ್ಲಿ ಕೇಳಬೇಡಿ, ದಿನ ಗೊತ್ತುಮಾಡಿ ಹೇಳಿ. ಸಭಾಪಾಲಕರಿಗೂ ಫೋನ್ ಮಾಡಿ, ಅತ್ತೆಗೆ ಮನೆಯಲ್ಲೇ ಕರ್ತನ ಭೋಜನ ಕೊಡಲು ಬರಬಹುದಾ ಕೇಳಿ. ಅವರು ಬಂದ ದಿನ ಹತ್ತು ನಿಮಿಷ ನಿಮಗಾಗಿಯೂ ಕೂರಲು ಹೇಳಿ. ಆಗ ನೀವೇ ಮಾತಾಡಿ, ಚಹಾ ಮಾಡುವ ಕೆಲಸ ಯಜಮಾನರಿಗಿರಲಿ.